ಕಲಿಸಿದವರೇ ಪರೀಕ್ಷಕರಾದರೆ?

ಮೈಸೂರಿನ ಗೋಕುಲಂ ಬಡಾವಣೆಗೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವುದು ಯೋಗಶಾಲೆಗಳ ಫಲಕಗಳು. ಕಾಂಟೂರ್ ರಸ್ತೆಯ ಆಸುಪಾಸಿನಲ್ಲಿ, ಮೂರನೇ ಹಂತದ ಅಡ್ಡರಸ್ತೆಗಳಲ್ಲಿ, ಮನೆಗಳ ಮಹಡಿಗಳು ವಿದೇಶಿ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಾಗಿವೆ. ಸೂರ್ಯ ಮೂಡುವ ಮೊದಲೇ ಹೆಗಲಿಗೆ ಚಾಪೆ ಏರಿಸಿಕೊಂಡು ನಡೆಯುವವರನ್ನು ಕಂಡು ಇಲ್ಲಿನ ಬೀದಿನಾಯಿಗಳೂ ಈಗ ಬೊಗಳುವುದಿಲ್ಲ. ಫಲಕಗಳಲ್ಲಿ ಹಲವು ಒಂದು ಅಂಕಿಯನ್ನು ದೊಡ್ಡದಾಗಿ ಬರೆದುಕೊಂಡಿವೆ: 200 ಗಂಟೆ. ಅಷ್ಟು ಗಂಟೆಗಳ ತರಬೇತಿ ಮುಗಿಸಿದವರಿಗೆ ಶಿಕ್ಷಕರೆಂಬ ಪ್ರಮಾಣಪತ್ರ ಸಿಗುತ್ತದೆ ಎಂಬುದು ಅದರ ತಾತ್ಪರ್ಯ.

ಆ ಪತ್ರ ಹಿಡಿದು ಹೋದವರು ಬರ್ಲಿನ್ನಿನಲ್ಲೋ ಟೋಕಿಯೊದಲ್ಲೋ ನಮ್ಮದೇ ಕುವೆಂಪುನಗರದಲ್ಲೋ ತರಗತಿ ತೆರೆಯುತ್ತಾರೆ. ಅವರ ಮುಂದೆ ಬಂದು ಕೂರುವವರಲ್ಲಿ ರಕ್ತದೊತ್ತಡದವರಿದ್ದಾರೆ, ಬೆನ್ನುಮೂಳೆಯ ತೊಂದರೆಯವರಿದ್ದಾರೆ, ಬಸುರಿಯರಿದ್ದಾರೆ. ಗೋಡೆಯ ಮೇಲಿನ ಚೌಕಟ್ಟನ್ನು ನೋಡಿ, ‘ಇವರಿಗೆ ತಿಳಿದಿದೆ’ ಎಂದು ಅವರೆಲ್ಲ ನಂಬುತ್ತಾರೆ. ಆ ನಂಬಿಕೆಗೆ ಜಾಮೀನು ಯಾರು?

ವೃತ್ತಿ ಸಂಘಗಳಿಗೆ ಮತ್ತು ಕೈಗಾರಿಕಾ ಒಕ್ಕೂಟಗಳಿಗೆ ಪ್ರಮಾಣಪತ್ರ ಯೋಜನೆಗಳನ್ನು ರೂಪಿಸಿ, ಅವುಗಳನ್ನು ನಡೆಸಿಕೊಡುವುದು ನನ್ನ ಕಸುಬು. ವೆಲ್ಡಿಂಗ್ ಮಾಡುವವರಿಗಿರಲಿ, ಗೋದಾಮಿನ ಮೇಲ್ವಿಚಾರಕರಿಗಿರಲಿ, ಯೋಗ ಶಿಕ್ಷಕರಿಗಿರಲಿ, ಕೇಳಬೇಕಾದ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಇವನ್ನು ಗೋಕುಲಂನ ಸಂದರ್ಭದಲ್ಲಿ ಕೇಳಿ ನೋಡಬೇಕಾದ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಮೂರು ಬಗೆಯ ಪತ್ರಗಳು

ನಾವು ‘ಸರ್ಟಿಫಿಕೇಟ್’ ಎಂಬ ಒಂದೇ ಮಾತಿನಿಂದ ಕರೆಯುವ ಕಾಗದಗಳು ವಾಸ್ತವದಲ್ಲಿ ಮೂರು ಬೇರೆ ಬೇರೆ ಜಾತಿಗೆ ಸೇರಿದವು. ಮೊದಲನೆಯದು ಹಾಜರಾತಿಯ ಪತ್ರ. ಇಂಥವರು ಇಷ್ಟು ದಿನ ತರಗತಿಗೆ ಬಂದರು, ಪಾಠ ಕೇಳಿದರು ಎನ್ನುವುದಷ್ಟೇ ಅದರ ಅರ್ಥ. ಕೇಳಿದ್ದು ತಲೆಗೆ ಹೋಯಿತೇ, ಕೈಗೆ ಬಂತೇ ಎಂಬುದನ್ನು ಅದು ಹೇಳುವುದಿಲ್ಲ. ಎರಡನೆಯದು ನಿಜವಾದ ಅರ್ಥದ ಪ್ರಮಾಣೀಕರಣ. ಒಬ್ಬ ವ್ಯಕ್ತಿ ಎಲ್ಲಿ ಕಲಿತ, ಯಾರ ಬಳಿ ಕಲಿತ ಎಂಬುದನ್ನು ಬದಿಗಿಟ್ಟು, ಈ ಕೆಲಸವನ್ನು ಇವನು ಮಾಡಬಲ್ಲನೇ ಎಂದು ಮೂರನೆಯವರೊಬ್ಬರು ಪರೀಕ್ಷಿಸಿ ಹೇಳುವ ಮಾತು ಅದು. ಆ ಮಾತಿಗೆ ಅವಧಿ ಇರುತ್ತದೆ; ತಪ್ಪಿ ನಡೆದರೆ ಹಿಂಪಡೆಯುವ ಅಧಿಕಾರವೂ ಇರುತ್ತದೆ. ಮೂರನೆಯದು ಪರವಾನಗಿ. ಅದು ಕಾನೂನಿನ ವಿಷಯ. ವೈದ್ಯರು, ವಕೀಲರು, ಲೆಕ್ಕಪರಿಶೋಧಕರು ಅದಿಲ್ಲದೆ ವೃತ್ತಿ ನಡೆಸುವಂತಿಲ್ಲ.

ಭಾರತದಲ್ಲಿ ಯೋಗ ಕಲಿಸಲು ಪರವಾನಗಿ ಕಡ್ಡಾಯವಿಲ್ಲ. ಕಡ್ಡಾಯವಾಗಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಹಾಜರಾತಿಯ ಪತ್ರವನ್ನು ಪ್ರಮಾಣೀಕರಣವೆಂದು ಮಾರುವುದನ್ನೂ, ಜನ ಅದನ್ನು ಹಾಗೆಯೇ ಕೊಳ್ಳುವುದನ್ನೂ ನೋಡಿಕೊಂಡು ಸುಮ್ಮನಿರುವುದು ಸರಿಯಲ್ಲ. 200 ಗಂಟೆಗಳನ್ನು ದಿನಕ್ಕೆ ಎಂಟು ಗಂಟೆಯಂತೆ ಹಂಚಿದರೆ ಇಪ್ಪತ್ತೈದು ದಿನಗಳಲ್ಲಿ ಮುಗಿಯುತ್ತದೆ. ಇಪ್ಪತ್ತೈದು ದಿನದ ಹಿಂದೆ ವಿದ್ಯಾರ್ಥಿಯಾಗಿದ್ದವರು ಇಪ್ಪತ್ತಾರನೆಯ ದಿನ ಶಿಕ್ಷಕರಾಗುವುದು ಅಸಾಧ್ಯವೇನಲ್ಲ. ಮೊದಲೇ ಹತ್ತು ವರ್ಷ ಅಭ್ಯಾಸ ಮಾಡಿ ಬಂದವರಿಗೆ ಅದು ಸಾಧ್ಯ. ಮೊನ್ನೆಯಷ್ಟೇ ಪದ್ಮಾಸನ ನೋಡಿದವರೂ ಅದೇ ಪತ್ರ ಪಡೆಯುತ್ತಾರೆ ಎಂಬುದು ತೊಡಕು.

ಒಬ್ಬರ ಕೈಯ ಮುದ್ರೆ

ಗಂಟೆಗಳ ಲೆಕ್ಕ ಮೈಸೂರಿನದಲ್ಲ. ಇಲ್ಲಿನ ಪದ್ಧತಿ ಬೇರೆಯೇ ಆಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಅರಸೊತ್ತಿಗೆಯ ಕಾಲ ಮುಗಿದು 1950ರಲ್ಲಿ ಆ ಶಾಲೆ ಮುಚ್ಚಿತು. ಅವರ ಶಿಷ್ಯರಲ್ಲಿ ಹಾಸನ ಸೀಮೆಯ ಕೌಶಿಕ ಗ್ರಾಮದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದರು. 1937ರಿಂದ 1973ರವರೆಗೆ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಬೋಧಿಸಿದರು. 1948ರಲ್ಲಿ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ‘ಯೋಗ ಮಾಲಾ’ 1962ರಲ್ಲಿ ಪ್ರಕಟವಾಯಿತು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸ್‌ಬೆತ್ ಅವರಲ್ಲಿಗೆ ಕಲಿಯಲು ಬಂದರು. 1970ರ ದಶಕದಲ್ಲಿ ಅಮೆರಿಕನ್ನರು ಬರತೊಡಗಿದರು. ಲಕ್ಷ್ಮೀಪುರಂನ ಪುಟ್ಟ ಕೋಣೆ ಸಾಲದೆ 2002ರಲ್ಲಿ ಶಾಲೆ ಗೋಕುಲಂಗೆ ಬಂತು. ಗೋಕುಲಂನ ಹೆಸರು ಜಗತ್ತಿನ ಯೋಗಾಸಕ್ತರ ನಾಲಗೆಯಲ್ಲಿ ನೆಲೆಸಿದ್ದು ಆಮೇಲೆ.

ಈ ಶಾಲೆಯಲ್ಲಿ ಶಿಕ್ಷಕರಾಗಬಯಸುವವರಿಗೆ ದಿನಗಳ ಲೆಕ್ಕದ ಕೋರ್ಸು ಇರಲಿಲ್ಲ. ಮತ್ತೆ ಮತ್ತೆ ಮೈಸೂರಿಗೆ ಬರಬೇಕು, ತಿಂಗಳುಗಟ್ಟಲೆ ಉಳಿಯಬೇಕು, ವರ್ಷಗಳ ಕಾಲ ಗುರುವಿನ ಕಣ್ಣೆದುರಿಗೆ ಅಭ್ಯಾಸ ಮಾಡಬೇಕು. ಗುರುವಿಗೆ ಒಪ್ಪಿಗೆಯಾದಾಗ ಅನುಮತಿ ಸಿಗುತ್ತಿತ್ತು. ಇನ್ನೂ ಎತ್ತರದ ಅಭ್ಯಾಸ ಮುಗಿಸಿದ ಕೆಲವರಿಗೆ ಪೂರ್ಣ ಪ್ರಮಾಣಪತ್ರ. ಅನುಮತಿ ಪಡೆದವರ ಹೆಸರು ಶಾಲೆಯ ಪಟ್ಟಿಯಲ್ಲಿ ಬರುತ್ತಿತ್ತು. ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ, ಆ ಪಟ್ಟಿಯಲ್ಲಿ ಹೆಸರಿದ್ದವರ ತರಗತಿಗೆ ಒಂದು ಘನತೆ ಇತ್ತು.

ಇಪ್ಪತ್ತೈದು ದಿನದ ಪತ್ರಕ್ಕೆ ಹೋಲಿಸಿದರೆ ಈ ಮುದ್ರೆಯ ತೂಕ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. ವರ್ಷಗಳ ಕಾಲ ಒಬ್ಬರ ದೇಹವನ್ನೂ ಸ್ವಭಾವವನ್ನೂ ನೋಡಿದ ಗುರುವಿಗೆ ತಿಳಿದಷ್ಟು ಯಾವ ಪ್ರಶ್ನೆಪತ್ರಿಕೆಗೂ ತಿಳಿಯುವುದಿಲ್ಲ. ಆದರೆ ಪ್ರಮಾಣಪತ್ರ ರೂಪಿಸುವವನ ದೃಷ್ಟಿಯಿಂದ ನೋಡಿದರೆ, ಇಲ್ಲಿ ಕಲಿಸುವವರು, ಪರೀಕ್ಷಿಸುವವರು, ತೀರ್ಪು ಕೊಡುವವರು, ಶುಲ್ಕ ಪಡೆಯುವವರು, ಪಟ್ಟಿಯಿಂದ ಹೆಸರು ತೆಗೆಯುವವರು ಎಲ್ಲರೂ ಒಬ್ಬರೇ. ಗುರು ಸನ್ಮಾರ್ಗಿಯಾಗಿ, ದೀರ್ಘಾಯುವಾಗಿ, ಎಂದೂ ತಪ್ಪದ ತಕ್ಕಡಿಯಂತಿದ್ದರೆ ಮಾತ್ರ ಈ ವ್ಯವಸ್ಥೆ ನಡೆಯುತ್ತದೆ.

ನಡೆದದ್ದೇನು? ಪಟ್ಟಾಭಿ ಜೋಯಿಸರು 2009ರ ಮೇ ತಿಂಗಳಲ್ಲಿ ತೀರಿಕೊಂಡರು. ಹೊಣೆ ಮೊಮ್ಮಗ ಶರತ್ ಜೋಯಿಸರಿಗೆ ಬಂತು. 2018ರ ಸುಮಾರಿಗೆ, ದಶಕಗಳಿಂದ ಕಲಿಸುತ್ತಿದ್ದ ಹಲವು ಹಿರಿಯ ಶಿಷ್ಯರ ಹೆಸರುಗಳು ಪಟ್ಟಿಯಿಂದ ಇಲ್ಲವಾದವು. ಅವರ ಅರ್ಹತೆ ರಾತ್ರೋರಾತ್ರಿ ಕರಗಿತೆಂದು ಯಾರೂ ಹೇಳಲಿಲ್ಲ. ಆದರೆ ಮೇಲ್ಮನವಿ ಸಲ್ಲಿಸಲು ಪ್ರತ್ಯೇಕ ಪೀಠವಿರಲಿಲ್ಲ. ಅದೇ ಅವಧಿಯಲ್ಲಿ ಇನ್ನೂ ಗಂಭೀರವಾದ ವಿಷಯ ಹೊರಬಂತು. ಆಸನ ತಿದ್ದುವಾಗ ಹಿರಿಯ ಗುರುಗಳು ತಮ್ಮನ್ನು ಅನುಚಿತವಾಗಿ ಮುಟ್ಟಿದ್ದರೆಂದು ಹಲವು ಮಹಿಳೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಶರತ್ ಜೋಯಿಸರು ಸಾರ್ವಜನಿಕ ಹೇಳಿಕೆಯಲ್ಲಿ ಆ ಶಿಷ್ಯರಿಗಾದ ನೋವಿಗೆ ವಿಷಾದ ವ್ಯಕ್ತಪಡಿಸಿದರು. ಗತಿಸಿದವರ ವಿಚಾರಣೆ ನಡೆಸುವುದು ನನ್ನ ಉದ್ದೇಶವಲ್ಲ. ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ: ಆ ಮಹಿಳೆಯರು ಅಂದೇ ದೂರಬೇಕೆಂದುಕೊಂಡಿದ್ದರೆ ಯಾರ ಬಳಿ ಹೋಗಬೇಕಿತ್ತು? ತಮಗೆ ಅನುಮತಿ ಕೊಡಬೇಕಾದವರ ಬಳಿಯೇ? ದೂರು ಕೇಳುವ ಕಿವಿಯೂ ಮುದ್ರೆ ಒತ್ತುವ ಕೈಯೂ ಒಬ್ಬರದೇ ಆದಾಗ ದೂರು ಹುಟ್ಟುವುದೇ ಇಲ್ಲ.

2024ರ ನವೆಂಬರ್ 11ರಂದು ಶರತ್ ಜೋಯಿಸರು ಅಮೆರಿಕದ ವರ್ಜೀನಿಯಾದಲ್ಲಿ ಹಠಾತ್ತನೆ ನಿಧನರಾದರು. ಅವರಿಗೆ 53 ವರ್ಷ. ವರ್ಷಗಳಿಂದ ಹಣ ಕೂಡಿಸಿಕೊಂಡು ಮೈಸೂರಿಗೆ ಬಂದು ಹೋಗುತ್ತಿದ್ದ ಎಷ್ಟೋ ವಿದ್ಯಾರ್ಥಿಗಳ ಪಾಲಿಗೆ ಅದು ಗುರುವಿಯೋಗ. ಅದರ ಜೊತೆಗೆ, ಅವರ ಶ್ರಮವನ್ನು ಅಳೆದು ಹೇಳಬಲ್ಲ ಏಕೈಕ ಕೈಯೂ ಅಂದೇ ಇಲ್ಲವಾಯಿತು.

ಅಯ್ಯಂಗಾರರ ದಾರಿ, ಅಮೆರಿಕದ ದಾರಿ

ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರರು ಬೇರೆ ದಾರಿ ಹಿಡಿದರು. 1970ರ ಹೊತ್ತಿಗೆ ಲಂಡನ್ನಿನ ಶಿಕ್ಷಣ ಪ್ರಾಧಿಕಾರ ವಯಸ್ಕರ ತರಗತಿಗಳಲ್ಲಿ ಯೋಗವನ್ನು ಸೇರಿಸಿಕೊಂಡಾಗ, ಕಲಿಸುವವರ ಯೋಗ್ಯತೆಯ ಪ್ರಶ್ನೆ ಎದ್ದಿತು. ಅಯ್ಯಂಗಾರರು ತರಬೇತಿ ಕೊಟ್ಟು ಒಪ್ಪಿದ ಶಿಕ್ಷಕರಿಗೆ ಆ ಅವಕಾಶ ದೊರೆಯಿತು. ಮುಂದೆ ಆಯಾ ದೇಶಗಳಲ್ಲಿ ಅವರ ಪದ್ಧತಿಯ ಶಿಕ್ಷಕರ ಸಂಘಗಳು ಹುಟ್ಟಿ, ಹಂತ ಹಂತದ ಪಠ್ಯಕ್ರಮ ಮತ್ತು ಪರೀಕ್ಷೆಗಳು ಬೆಳೆದವು. ಒಬ್ಬ ಹಿರಿಯ ಶಿಕ್ಷಕರು ಅಭ್ಯರ್ಥಿಯನ್ನು ವರ್ಷಗಳ ಕಾಲ ತಯಾರು ಮಾಡುತ್ತಾರೆ. ಪರೀಕ್ಷಿಸುವುದು ಬೇರೆ ಪರೀಕ್ಷಕರ ಮಂಡಳಿ. 2014ರಲ್ಲಿ ಅಯ್ಯಂಗಾರರು ನಿಧನರಾದ ಮೇಲೂ ಆ ಪರೀಕ್ಷೆಗಳು ನಿಲ್ಲಲಿಲ್ಲ. ಗುರುವಿನ ಮಾತು ಸಂಘದ ನಿಯಮವಾಗಿ ಮಾರ್ಪಟ್ಟಿತ್ತು.

ಅಮೆರಿಕ ಹಿಡಿದ ದಾರಿ ಮೂರನೆಯದು. ಅಲ್ಲಿ 1999ರಲ್ಲಿ ಯೋಗ ಅಲಯನ್ಸ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಹಲವು ಪಂಥಗಳ ಶಿಕ್ಷಕರು ಒಟ್ಟಿಗೆ ಕೂತಾಗ ಯಾವ ಆಸನ ಮುಖ್ಯ, ಯಾವ ಗ್ರಂಥ ಪ್ರಮಾಣ ಎಂಬುದರಲ್ಲಿ ಒಮ್ಮತ ಸುಲಭವಲ್ಲ. ಎಲ್ಲರೂ ಒಪ್ಪಬಹುದಾದ ಒಂದು ಅಳತೆ ಗಡಿಯಾರದ್ದು. 200 ಗಂಟೆ, 500 ಗಂಟೆ ಎಂಬ ಮಟ್ಟಗಳು ನೆಲೆಯೂರಿದವು. ಆ ಸಂಸ್ಥೆ ಶಿಕ್ಷಕರನ್ನು ತಾನೇ ಪರೀಕ್ಷೆಗೆ ಕೂರಿಸಲಿಲ್ಲ. ತರಬೇತಿ ಶಾಲೆಗಳನ್ನು ನೋಂದಾಯಿಸಿಕೊಂಡು, ಆ ಶಾಲೆಗಳು ಪತ್ರ ಕೊಟ್ಟವರ ಹೆಸರನ್ನು ಪಟ್ಟಿಗೆ ಸೇರಿಸಿತು. ಹೆಸರು ನೋಂದಣಿ, ಜನರ ಕಿವಿಗೆ ಮಾತ್ರ ಅದು ಪ್ರಮಾಣೀಕರಣವೆಂದೇ ಬಿತ್ತು. ಗೋಕುಲಂನ ಫಲಕಗಳ ಮೇಲಿನ ಅಂಕಿ ಬಂದದ್ದು ಅಲ್ಲಿಂದ.

ಇದರಲ್ಲೊಂದು ಪಾಠವೂ ಇದೆ. 2009ರಲ್ಲಿ ಅಮೆರಿಕದ ಕೆಲವು ರಾಜ್ಯಗಳು ಯೋಗ ಶಿಕ್ಷಕರ ತರಬೇತಿ ಶಾಲೆಗಳನ್ನು ವೃತ್ತಿ ಶಿಕ್ಷಣದ ಕಾನೂನಿನಡಿ ತರಲು ಹೊರಟವು. ಯಾವ ಶಾಲೆಗಳು ಎಲ್ಲಿವೆ ಎಂದು ಅಧಿಕಾರಿಗಳು ಹುಡುಕಬೇಕಾಗಲೇ ಇಲ್ಲ. ಶಿಕ್ಷಕರೇ ಕಟ್ಟಿಕೊಂಡ ನೋಂದಣಿ ಪಟ್ಟಿ ಅವರಿಗೆ ವಿಳಾಸ ಪುಸ್ತಕವಾಯಿತು. ನ್ಯೂಯಾರ್ಕಿನ ಶಿಕ್ಷಕರು ಸಂಘಟಿತರಾಗಿ ವಿರೋಧಿಸಿದ ಮೇಲೆ ಅಲ್ಲಿ ವಿನಾಯಿತಿ ದೊರೆಯಿತು. ವೃತ್ತಿಯವರು ತಮ್ಮ ಮನೆಯನ್ನು ತಾವೇ ಅಚ್ಚುಕಟ್ಟಾಗಿ ಇಟ್ಟುಕೊಳ್ಳದಿದ್ದರೆ ಸರ್ಕಾರ ಬಾಗಿಲು ತಟ್ಟುತ್ತದೆ ಎಂಬುದಕ್ಕೆ ಇದು ದೃಷ್ಟಾಂತ.

ನಮ್ಮಲ್ಲೂ ಬಾಗಿಲುಗಳಿಗೇನು ಕೊರತೆಯಿಲ್ಲ. ಭಾರತೀಯ ಗುಣಮಟ್ಟ ಮಂಡಳಿ ಎಂಬ ಸಂಸ್ಥೆಯನ್ನು ಕೇಂದ್ರ ಸರ್ಕಾರವು ಅಸೋಚಾಂ, ಸಿಐಐ ಮತ್ತು ಫಿಕ್ಕಿ ಎಂಬ ಮೂರು ಉದ್ಯಮ ಒಕ್ಕೂಟಗಳ ಜೊತೆಗೂಡಿ ಕಟ್ಟಿತು. ಮೊದಲ ಅಂತರರಾಷ್ಟ್ರೀಯ ಯೋಗ ದಿನದ ಸಂದರ್ಭದಲ್ಲಿ, 2015ರ ಜೂನ್‌ನಲ್ಲಿ, ಯೋಗ ವೃತ್ತಿಪರರ ಸ್ವಯಂಪ್ರೇರಿತ ಪ್ರಮಾಣೀಕರಣ ಯೋಜನೆಯನ್ನು ಈ ಮಂಡಳಿ ಪ್ರಕಟಿಸಿತು. 2018ರಲ್ಲಿ ಆಯುಷ್ ಸಚಿವಾಲಯ ಯೋಗ ಪ್ರಮಾಣೀಕರಣ ಮಂಡಳಿಯನ್ನು ರಚಿಸಿತು. ಪ್ರೋಟೋಕಾಲ್ ಬೋಧಕರಿಂದ ಆರಂಭಿಸಿ ಯೋಗ ಮಾಸ್ಟರ್‌ವರೆಗೆ ಮೆಟ್ಟಿಲುಗಳಿವೆ. ಚಿಕಿತ್ಸೆಗಾಗಿ ಯೋಗ ಬಳಸುವವರಿಗೆ ಪ್ರತ್ಯೇಕ ಮೆಟ್ಟಿಲುಗಳಿವೆ. ಇದಲ್ಲದೆ ಕೌಶಲ ಅಭಿವೃದ್ಧಿ ವ್ಯವಸ್ಥೆಯ ಅಡಿಯಲ್ಲಿ ಸೌಂದರ್ಯ ಮತ್ತು ಕ್ಷೇಮ ಕ್ಷೇತ್ರದ ಕೌಶಲ ಮಂಡಳಿಯೂ ಯೋಗ ಬೋಧಕರ ಹುದ್ದೆಗೆ ತನ್ನದೇ ಮಾನದಂಡ ರೂಪಿಸಿದೆ. ಹೀಗೆ ಒಂದೇ ಕೆಲಸಕ್ಕೆ ದೆಹಲಿಯ ಎರಡು ಪತ್ರ, ಅಮೆರಿಕದ ಒಂದು ನೋಂದಣಿ, ಬೀದಿಯ ಶಾಲೆಯ ಒಂದು ಚೌಕಟ್ಟು. ಇವುಗಳಲ್ಲಿ ಯಾವುದಕ್ಕೆ ಹಣ ಕಟ್ಟಬೇಕೆಂದು ತಿಳಿಯದೆ ತಬ್ಬಿಬ್ಬಾಗುವವರು ನಮ್ಮ ಸುತ್ತಲಿನ ಊರುಗಳಿಂದ ಉದ್ಯೋಗದ ಆಸೆಯಿಂದ ಬರುವ ಹುಡುಗ ಹುಡುಗಿಯರು.

ಸಂಗೀತ ಪರೀಕ್ಷೆ ಕಲಿಸುವ ಪಾಠ

ಯೋಗದಂಥ ಪರಂಪರೆಯನ್ನು ಪರೀಕ್ಷೆಯ ಚೌಕಟ್ಟಿಗೆ ಇಳಿಸುವುದೇ ಅಪಚಾರ ಎನ್ನುವವರಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇದಕ್ಕೆ ಉತ್ತರ ನಮ್ಮ ಬೀದಿಯಲ್ಲೇ ಇದೆ. ಕರ್ನಾಟಕದ ಯಾವ ಊರಿನಲ್ಲಾದರೂ ಸಂಗೀತ ಕಲಿಯುವ ಮಗುವನ್ನು ಕೇಳಿ, ‘ಈ ವರ್ಷ ಜೂನಿಯರ್ ಕಟ್ಟಿದ್ದೇನೆ’ ಎನ್ನುತ್ತದೆ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಸಂಗೀತ, ನೃತ್ಯ, ತಾಳವಾದ್ಯ ಪರೀಕ್ಷೆಗಳನ್ನು ರಾಜ್ಯದ ಪರೀಕ್ಷಾ ಮಂಡಳಿ ದಶಕಗಳ ಕಾಲ ನಡೆಸಿತು. ಪಾಠ ಹೇಳುವವರು ಮನೆಯ ಹಜಾರದಲ್ಲಿ ಚಾಪೆ ಹಾಸಿ ಕೂತ ಮೇಷ್ಟರೋ ಟೀಚರೋ. ಪರೀಕ್ಷಿಸುವವರು ಬೇರೆ ಊರಿನಿಂದ ಬಂದ ವಿದ್ವಾಂಸರು. ಮಗು ಹಾಡುತ್ತದೆ, ತಾಳ ಹಾಕುತ್ತದೆ, ಶಾಸ್ತ್ರದ ಪ್ರಶ್ನೆಗೆ ಬರೆದು ಉತ್ತರಿಸುತ್ತದೆ.

ಇದರಿಂದ ಗುರುಶಿಷ್ಯ ಸಂಬಂಧವೇನೂ ಮುರಿದು ಬೀಳಲಿಲ್ಲ. ಸೀನಿಯರ್ ಪಾಸಾದವರೆಲ್ಲ ಕಛೇರಿ ಮಾಡುವುದಿಲ್ಲ, ದೊಡ್ಡ ಕಲಾವಿದರೆಲ್ಲ ಪರೀಕ್ಷೆ ಬರೆದವರೂ ಅಲ್ಲ. ಆದರೆ ಮಗಳನ್ನು ಪಾಠಕ್ಕೆ ಸೇರಿಸುವ ತಾಯಿಗೆ, ‘ಟೀಚರು ವಿದ್ವತ್ ಮಾಡಿದ್ದಾರೆ’ ಎಂಬ ಮಾತಿನಿಂದ ಒಂದು ಕನಿಷ್ಠ ಭರವಸೆ ಸಿಗುತ್ತದೆ. ಪ್ರಮಾಣೀಕರಣದ ಕೆಲಸ ಅಷ್ಟೇ. ಅದು ಪ್ರತಿಭೆಯ ಶಿಖರವನ್ನು ಅಳೆಯಲಾರದು, ನೆಲಗಟ್ಟು ಗಟ್ಟಿಯಿದೆ ಎಂದು ಹೇಳಬಲ್ಲದು. ಜೋಯಿಸರು ಮೂವತ್ತಾರು ವರ್ಷ ದುಡಿದ ಸಂಸ್ಕೃತ ಪಾಠಶಾಲೆಯೂ ವಿದ್ವತ್ ಪರೀಕ್ಷೆಗಳ ಪರಂಪರೆಯದೇ. ಶಾಸ್ತ್ರವನ್ನು ಪರೀಕ್ಷೆಗೊಡ್ಡುವುದು ಮೈಸೂರಿಗೆ ಹೊರಗಿನಿಂದ ಬಂದ ಅಭ್ಯಾಸವಲ್ಲ.

ಯೋಜನೆ ಹೇಗಿರಬೇಕು?

ಒಳ್ಳೆಯ ಪ್ರಮಾಣಪತ್ರ ಯೋಜನೆ ಪಠ್ಯಪುಸ್ತಕದಿಂದ ಆರಂಭವಾಗುವುದಿಲ್ಲ, ಕೆಲಸದಿಂದ ಆರಂಭವಾಗುತ್ತದೆ. ಶಿಕ್ಷಕರೊಬ್ಬರು ದಿನನಿತ್ಯ ನಿಜಕ್ಕೂ ಏನು ಮಾಡುತ್ತಾರೆ ಎಂಬುದನ್ನು ಹಲವು ಶಿಕ್ಷಕರನ್ನು ಕೂರಿಸಿ ಕೇಳಿ ಪಟ್ಟಿ ಮಾಡಬೇಕು. ಹೊಸದಾಗಿ ಬಂದವರ ಆರೋಗ್ಯ ವಿಚಾರಿಸುವುದು, ಯಾರಿಗೆ ಯಾವ ಆಸನ ಬೇಡವೆಂದು ಗುರುತಿಸುವುದು, ಮುಟ್ಟಿ ತಿದ್ದುವ ಮೊದಲು ಒಪ್ಪಿಗೆ ಕೇಳುವುದು, ನೋವು ಎಂದಾಗ ನಿಲ್ಲಿಸುವುದು, ವೈದ್ಯರ ಬಳಿ ಕಳುಹಿಸಬೇಕಾದ ಗಳಿಗೆಯನ್ನು ತಿಳಿಯುವುದು. ಇಂಥ ಪ್ರತಿಯೊಂದು ಕೆಲಸವೂ ಎಷ್ಟು ಸಲ ಬರುತ್ತದೆ, ತಪ್ಪಿದರೆ ಎಷ್ಟು ಅಪಾಯ ಎಂಬುದನ್ನು ನೋಡಿ ಅದಕ್ಕೆ ಅಂಕಗಳ ಪಾಲು ಕೊಡಬೇಕು. ಹೀಗೆ ಮಾಡಿದಾಗ ಕಾಲನ್ನು ಕತ್ತಿನ ಹಿಂದೆ ಇಡುವ ಸಾಮರ್ಥ್ಯಕ್ಕೆ ಸಿಗುವ ಅಂಕ ಕಡಿಮೆಯಾಗಿ, ‘ನೀವು ಇದನ್ನು ಮಾಡಬೇಡಿ’ ಎಂದು ಹೇಳುವ ವಿವೇಕಕ್ಕೆ ಸಿಗುವ ಅಂಕ ಹೆಚ್ಚಾಗುತ್ತದೆ.

ಎರಡನೆಯ ಪ್ರಶ್ನೆ, ಎಷ್ಟು ಅಂಕಕ್ಕೆ ಪಾಸು? ನಮ್ಮಲ್ಲಿ ಮೂವತ್ತೈದು ಎಂಬ ಅಂಕಿ ಶಾಲಾ ದಿನಗಳಿಂದ ತಲೆಯಲ್ಲಿ ಕೂತಿದೆ. ವೃತ್ತಿ ಪರೀಕ್ಷೆಗಳಲ್ಲಿ ಬಳಸುವ ಒಂದು ಕ್ರಮವಿದೆ. ಅಮೆರಿಕದ ವಿಲಿಯಂ ಆಂಗಾಫ್ 1971ರಲ್ಲಿ ಬರೆದ ಕಾರಣ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಕಸುಬು ಬಲ್ಲ ಹತ್ತು ಜನರನ್ನು ಕೂರಿಸಿ, ಪ್ರತಿ ಪ್ರಶ್ನೆಯನ್ನೂ ತೋರಿಸಿ ಹೀಗೆ ಕೇಳುತ್ತೇವೆ: ಈ ಕೆಲಸಕ್ಕೆ ಕನಿಷ್ಠ ಅರ್ಹತೆಯಷ್ಟೇ ಇರುವ ನೂರು ಜನರಿದ್ದರೆ, ಇದಕ್ಕೆ ಎಷ್ಟು ಜನ ಸರಿಯುತ್ತರ ಕೊಟ್ಟಾರು? ಎಲ್ಲ ಪ್ರಶ್ನೆಗಳ ಅಂದಾಜುಗಳ ಸರಾಸರಿಯೇ ಪಾಸಿನ ಗೆರೆ. ಸರಾಸರಿ 68 ಬಂದರೆ ನೂರಕ್ಕೆ 68. ಪ್ರಶ್ನೆ ಸುಲಭವಾದರೆ ಗೆರೆ ಏರುತ್ತದೆ, ಕಠಿಣವಾದರೆ ಇಳಿಯುತ್ತದೆ. ಅಧ್ಯಕ್ಷರಿಗೆ ತೋಚಿದ ಅಂಕಿಗಿಂತ ಇದು ನ್ಯಾಯವಾದದ್ದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಇಬ್ಬರು ಪರೀಕ್ಷಕರು ಒಬ್ಬರ ಅಂಕ ಇನ್ನೊಬ್ಬರು ನೋಡದೆ ಬರೆಯಬೇಕು. ಅಂತರ ದೊಡ್ಡದಾದರೆ ಮೂರನೆಯವರು ನೋಡಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬೇರ್ಪಡೆ. ವ್ಯಕ್ತಿಗಳನ್ನು ಪ್ರಮಾಣೀಕರಿಸುವ ಸಂಸ್ಥೆಗಳಿಗಾಗಿ ಐಎಸ್‌ಒ 17024 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 2003ರಲ್ಲಿ ಮೊದಲು ಬಂದು 2012ರಲ್ಲಿ ಪರಿಷ್ಕೃತವಾದ ಈ ಮಾನದಂಡ, ಒಂದೇ ಸಂಸ್ಥೆ ತರಬೇತಿಯನ್ನೂ ಕೊಟ್ಟು ಪ್ರಮಾಣಪತ್ರವನ್ನೂ ಕೊಡುವುದು ನಿಷ್ಪಕ್ಷಪಾತಕ್ಕೆ ಅಪಾಯ ಎಂದು ಸ್ಪಷ್ಟವಾಗಿ ಗುರುತಿಸುತ್ತದೆ. ದೂರು, ಮೇಲ್ಮನವಿ, ಅಮಾನತು, ರದ್ದತಿ, ಅವಧಿ ಮುಗಿದಾಗ ನವೀಕರಣ, ಇವೆಲ್ಲಕ್ಕೂ ಲಿಖಿತ ಕ್ರಮ ಇರಬೇಕೆನ್ನುತ್ತದೆ. ನನ್ನ ಅನುಭವದಲ್ಲಿ ಸಂಘಗಳು ಪಠ್ಯಕ್ರಮಕ್ಕೆ ತಿಂಗಳುಗಟ್ಟಲೆ ಚರ್ಚಿಸುತ್ತವೆ. ದೂರಿನ ನಿಯಮಕ್ಕೆ ಬಂದಾಗ ಊಟದ ಹೊತ್ತಾಗಿರುತ್ತದೆ. ಆದರೆ ಪತ್ರವೊಂದರ ಮೌಲ್ಯ ನಿಜವಾಗಿ ಗೊತ್ತಾಗುವುದು ಅದನ್ನು ಹಿಂಪಡೆಯಬೇಕಾಗಿ ಬಂದ ದಿನ.

ಸಂಘಗಳು ಎಡವುವ ಜಾಗ

ಇಷ್ಟು ಹೇಳಿದ ಮಾತ್ರಕ್ಕೆ ಸಂಘದ ಕೈಗೆ ಕೊಟ್ಟರೆ ಎಲ್ಲವೂ ಸರಿಹೋಯಿತೆಂದು ಭಾವಿಸಬಾರದು. ಸಂಘಗಳಿಗೆ ಅವುಗಳದೇ ಪ್ರಲೋಭನೆಗಳಿವೆ. ಪರೀಕ್ಷಾ ಶುಲ್ಕ ಒಮ್ಮೆ ವರಮಾನದ ಮೂಲವಾಯಿತೆಂದರೆ, ಹೆಚ್ಚು ಜನ ಪಾಸಾಗಲಿ ಎಂಬ ಆಸೆ ತಾನಾಗಿಯೇ ಹುಟ್ಟುತ್ತದೆ. ನಾನು ಕೆಲಸ ಮಾಡಿದ ಸಂಘವೊಂದರ ಪದಾಧಿಕಾರಿಯೊಬ್ಬರು ಮೊದಲ ಪರೀಕ್ಷೆಯ ಫಲಿತಾಂಶ ನೋಡಿ, ‘ಇಷ್ಟು ಜನರನ್ನು ಫೇಲು ಮಾಡಿದರೆ ಮುಂದಿನ ಸಲ ಯಾರು ಬರುತ್ತಾರೆ ಸ್ವಾಮಿ?’ ಎಂದು ಕೇಳಿದ್ದರು. ಪ್ರಾಮಾಣಿಕವಾದ ಪ್ರಶ್ನೆ ಅದು. ಪಾಸಾದವರೂ ಯಾಕೆ ಬರಬೇಕು ಎಂಬುದು ಅದರ ಉತ್ತರ. ಎಲ್ಲರಿಗೂ ಸಿಗುವ ಪತ್ರಕ್ಕೆ ಯಾವ ಮಾಲೀಕನೂ ಒಂದು ರೂಪಾಯಿ ಹೆಚ್ಚು ಸಂಬಳ ಕೊಡುವುದಿಲ್ಲ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಒಳಗಿರುವವರು ಹೊರಗಿನವರಿಗೆ ಬಾಗಿಲು ಹಾಕಿಕೊಳ್ಳಲು ಪ್ರಮಾಣಪತ್ರವನ್ನು ಅಗುಳಿಯಂತೆ ಬಳಸಬಹುದು. ಮೈಸೂರಿನಲ್ಲಿ ನಲವತ್ತು ವರ್ಷಗಳಿಂದ ದೇವಸ್ಥಾನದ ಪ್ರಾಂಗಣದಲ್ಲೋ ಬಡಾವಣೆಯ ಉದ್ಯಾನದಲ್ಲೋ ಬಿಡಿಗಾಸು ಪಡೆಯದೆ ಕಲಿಸುತ್ತಿರುವ ಹಿರಿಯರಿದ್ದಾರೆ. ಅವರನ್ನು ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮುಂದೆ ಕೂರಿಸಿ ಅನರ್ಹರೆಂದು ಕಳುಹಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅಂಥವರನ್ನು ಅವರ ತರಗತಿಯಲ್ಲೇ ನೋಡಿ ಅಳೆಯುವ ಕ್ರಮ ಬೇಕು. ಪರೀಕ್ಷೆ ಕನ್ನಡದಲ್ಲಿ ಇರಲೇಬೇಕು. ಹಾಗೆಂದು ವಯಸ್ಸಿನ ಗೌರವಕ್ಕಾಗಿ ಪತ್ರವನ್ನು ಹಂಚಿಬಿಡುವುದೂ ಸಲ್ಲದು. ಪ್ರತಿ ಹೊಸ ಯೋಜನೆಯಲ್ಲೂ ಸ್ಥಾಪಕ ಸದಸ್ಯರು ತಮಗೆ ತಾವೇ ಮೊದಲ ಪತ್ರಗಳನ್ನು ಕೊಟ್ಟುಕೊಳ್ಳುವ ಪರಿಪಾಠವಿದೆ. ಬೇಲಿಯೇ ಹೊಲ ಮೇಯುವುದು ಶುರುವಾಗುವುದು ಅಲ್ಲಿಂದ.

ಮೈಸೂರು ಮಾಡಬಹುದಾದದ್ದು

ಯೋಗ ದಿನಾಚರಣೆ ಬಂದಾಗ ನಗರದ ಯೋಗ ಸಂಸ್ಥೆಗಳು ಒಂದುಗೂಡುವುದನ್ನು ನಾವು ಪ್ರತಿವರ್ಷ ನೋಡುತ್ತೇವೆ. 2022ರ ಜೂನ್ 21ರಂದು ಅರಮನೆಯ ಆವರಣದಲ್ಲಿ ಪ್ರಧಾನಿಯವರೇ ಆಚರಣೆಯ ನೇತೃತ್ವ ವಹಿಸಿದಾಗ ಈ ಒಗ್ಗಟ್ಟನ್ನು ದೇಶವೇ ಕಂಡಿತು. ಒಂದು ಬೆಳಗಿನ ಮಟ್ಟಿಗೆ ಸಾಧ್ಯವಾಗುವ ಆ ಒಗ್ಗಟ್ಟು ಒಂದು ಶಾಶ್ವತ ವ್ಯವಸ್ಥೆಯಾಗಿ ಏಕೆ ಬೆಳೆಯಬಾರದು?

ಅದಕ್ಕಾಗಿ ಮತ್ತೊಂದು ಹೊಸ ಪತ್ರ ಹುಟ್ಟುಹಾಕಬೇಕಿಲ್ಲ. ಈಗಾಗಲೇ ಇರುವ ರಾಷ್ಟ್ರೀಯ ಪರೀಕ್ಷೆಯನ್ನು ಕನ್ನಡದಲ್ಲಿ, ಕೈಗೆಟಕುವ ಶುಲ್ಕದಲ್ಲಿ, ಮೈಸೂರಿನಲ್ಲೇ ಬರೆಯುವಂತೆ ಮಾಡಲು ನಗರದ ಶಿಕ್ಷಕರ ಒಕ್ಕೂಟ ಒತ್ತಾಯಿಸಬಹುದು. ಪರೀಕ್ಷಕರಿಗೆ ತರಬೇತಿ ಕೊಡಬಹುದು. ತನ್ನ ಶಿಷ್ಯರನ್ನು ತಾನೇ ಪರೀಕ್ಷಿಸುವಂತಿಲ್ಲ ಎಂಬ ನಿಯಮವನ್ನು ಎಲ್ಲ ಶಾಲೆಗಳೂ ಒಪ್ಪಬಹುದು. ಯಾರಿಗೆ ಯಾವ ಪತ್ರವಿದೆ, ಅದರ ಅವಧಿ ಎಂದಿನವರೆಗೆ, ಅದು ಹಾಜರಾತಿಯದೋ ಪರೀಕ್ಷೆಯದೋ ಎಂಬುದನ್ನು ಸಾರ್ವಜನಿಕರು ನೋಡುವಂಥ ಒಂದು ಪಟ್ಟಿ ಇಡಬಹುದು. ಶಾಲೆಗಳಿಗೆ ಸೇರದ ಒಬ್ಬ ವಕೀಲರು, ಒಬ್ಬ ವೈದ್ಯರು, ಕಲಿಯಲು ಬಂದ ಒಬ್ಬ ಮಹಿಳೆ ಇರುವ ದೂರು ಸಮಿತಿಯೊಂದನ್ನು ರಚಿಸಬಹುದು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ.

ಎಲ್ಲ ಶಾಲೆಗಳೂ ಇದಕ್ಕೆ ಸಂತೋಷದಿಂದ ಒಪ್ಪುತ್ತವೆಂದು ನಾನು ಭಾವಿಸಿಲ್ಲ. ಇಪ್ಪತ್ತೈದು ದಿನದ ಪತ್ರ ಮಾರಿ ಬದುಕುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಅವರ ಮೇಲೆ ಕತ್ತಿ ಬೀಸುವ ಬದಲು, ಅವರು ಕೊಡುವ ಪತ್ರದ ಮೇಲೆ ‘ತರಬೇತಿ ಪೂರೈಸಿದ್ದಾರೆ’ ಎಂದಷ್ಟೇ ಬರೆಯುವಂತೆ ಕೇಳಿದರೆ ಸಾಕು. ಕಲಿಸುವುದು ಅವರ ಹಕ್ಕು. ಕಲಿತದ್ದನ್ನು ಅಳೆಯುವುದು ಇನ್ನೊಬ್ಬರ ಕೆಲಸ. ಈ ಒಂದು ಗೆರೆ ಎಳೆದ ಮೇಲೆ ಉಳಿದದ್ದನ್ನು ಮಾರುಕಟ್ಟೆಯೇ ವಿಂಗಡಿಸುತ್ತದೆ.

ಯೋಗ ಕಲಿಯಲು ಸಾವಿರಾರು ಮೈಲಿ ದಾಟಿ ಬರುವವರು ಮೈಸೂರಿನ ಹೆಸರನ್ನು ನಂಬಿ ಬರುತ್ತಾರೆ. ಆ ಹೆಸರನ್ನು ಕಟ್ಟಿದವರು ಒಬ್ಬೊಬ್ಬರಾಗಿ ಹೋಗಿದ್ದಾರೆ. ಇನ್ನು ಅದನ್ನು ಕಾಯಬೇಕಾದದ್ದು ನಿಯಮಗಳು, ಆ ನಿಯಮಗಳಿಗೆ ತಲೆಬಾಗಲು ಸಿದ್ಧರಿರುವ ಶಿಕ್ಷಕರು.